ಅಣ್ಣನ ಚೆಂಡಿನ ಕತ್ತು

ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದ್ದೇನೆ ಎಂದು ಅತ್ತಿಗೆಗೆ ಮೊದಲೇ ಹೇಳಿಬಿಡಬೇಕೋ, ಅಥವಾ ಅಣ್ಣ ನಾಲ್ಕು ಏಟು ಹೊಡೆದು ಮುಖ ಅರಳಿಸಿದ ಮೇಲೆ ಹೇಳಬೇಕೋ ಎಂಬುದು ಅವನಿಗೆ ಬೆಳಗಿನಿಂದ ಬಗೆಹರಿದಿರಲಿಲ್ಲ. ಹೇಳುವುದಕ್ಕಾದರೂ ಏನಿದೆ ಮಹಾ? ಒಂದು ಕಬ್ಬಿಣದ ತುಂಡು, ಮುಷ್ಟಿಯೊಳಗೆ ಮುಚ್ಚಿಹೋಗುವಂಥದ್ದು. ಗೋಡೆಯಿಂದ ಚಾಚಿಕೊಂಡ ದುಂಡು ಹಲಗೆಯ ಅಡಿಗೆ ಅದನ್ನು ಬೋಲ್ಟು ಹಾಕಿ ಬಿಗಿಯುತ್ತಾರೆ, ಅದರ ಕೊಕ್ಕೆಗೆ ಗಾಳಿ ತುಂಬಿದ ತೊಗಲಿನ ಚೆಂಡನ್ನು ತೂಗುಹಾಕುತ್ತಾರೆ, ಬಾಕ್ಸಿಂಗ್ ಕಲಿಯುವವರು ಆ ಚೆಂಡನ್ನು ಎಡಗೈ ಬಲಗೈಯಿಂದ ಹೊಡೆಯುತ್ತ ಹೋಗುತ್ತಾರೆ. ಚೆಂಡು ಹಲಗೆಗೆ ಬಡಿದು ವಾಪಸು ಬರುವುದು, ಮತ್ತೆ ಹೋಗುವುದು, ಮತ್ತೆ ಬರುವುದು, ಎಲ್ಲವೂ ಆ ತುಂಡಿನ ಮರ್ಜಿ. ಅಂಗಡಿಯವರು ಅದನ್ನು ಸ್ವಿವೆಲ್ ಎನ್ನುತ್ತಾರೆ. ಈ ಜಿಮ್ಮಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅದು ಕತ್ತು. ಇಲ್ಲಿ ಕೋಚ್ ಆಗಿದ್ದ ಅಣ್ಣ ಇಟ್ಟ ಹೆಸರು. ಕತ್ತಿನೊಳಗೆ ಒಂದು ಬಟ್ಟಲು, ಬಟ್ಟಲಿನೊಳಗೆ ಒಂದು ಗುಂಡು, ಗುಂಡಿಗೆ ಅಂಟಿದ ಕೊಕ್ಕೆ. ಗುಂಡು ಬಟ್ಟಲನ್ನು ತಿನ್ನುತ್ತದೆ, ಬಟ್ಟಲು ಗುಂಡನ್ನು ತಿನ್ನುತ್ತದೆ. ಎಣ್ಣೆ ಇಲ್ಲದಿದ್ದರೆ ಬೇಗ ತಿನ್ನುತ್ತವೆ, ಎಣ್ಣೆ ಜಾಸ್ತಿಯಾದರೆ ಧೂಳು ಕೂತು ಇನ್ನೂ ಬೇಗ ತಿನ್ನುತ್ತವೆ. ಒಂದು ತೊಟ್ಟು ಹಾಕಿ, ಹಳೇ ಬನಿಯನ್ನಿನ ತುಂಡಿನಲ್ಲಿ ಒರೆಸಿ, ಬೋಲ್ಟು ಸಡಿಲವಾಗಿದೆಯೇ ನೋಡಿ, ಬೆರಳಿನಿಂದ ತಿರುಗಿಸಿ ಕಿವಿಗೊಟ್ಟು ಕೇಳುವುದು ಅವನ ಕೆಲಸ. ಇಡೀ ಆಯುಷ್ಯ ಅದನ್ನೇ ಮಾಡಿದ್ದ. ಹುಡುಗಿಯರು ಹುಡುಗರು ಅವನನ್ನು ಎಣ್ಣೆ ಮಾಸ್ತರು ಎಂದು ಕರೆಯುತ್ತಿದ್ದರು, ಹೊಸದಾಗಿ ಸೇರಿದವರ ತಾಯಂದಿರು ಅದನ್ನು ಕೇಳಿ ಇವನು ಕುಡುಕನಿರಬೇಕೆಂದು ದೂರ ಸರಿದು ನಿಲ್ಲುತ್ತಿದ್ದರು. ಹನಿ ಮುಟ್ಟದವನಿಗೆ ಈ ಬಿರುದು ಬೇರೆ. ಬೇಜಾರಾಗುತ್ತಿತ್ತು, ಆದರೆ ಯಾರಿಗೆಂದು ಬಿಡಿಸಿ ಹೇಳುವುದು?

ಜಿಮ್ಮಿನ ಎಲ್ಲ ಕತ್ತುಗಳೂ ಅವನ ಮಾತು ಕೇಳುತ್ತಿದ್ದವು, ಮೂಲೆಯಲ್ಲಿರುವ ಅಣ್ಣನದೊಂದನ್ನು ಬಿಟ್ಟು. ಅದರ ಬಟ್ಟಲು ಒಂದು ಕಡೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಉಳಿದ ಚೆಂಡುಗಳು ಟಕಟಕ ಎಂದು ಒಂದೇ ಸಮ ಹೋಗುವಾಗ ಅದು ಮಾತ್ರ ಪ್ರತಿ ಸುತ್ತಿನಲ್ಲೂ ಒಂದು ಕೂದಲೆಳೆಯಷ್ಟು ನಿಂತು, ಆಮೇಲೆ ಬರುತ್ತಿತ್ತು. ‘ಕೋಚ್ ಚೆಂಡಿಗೆ ನೆಗಡಿ’ ಎಂದು ಕಲಿಯುವವರು ನಗುತ್ತಿದ್ದರು. ಅವರು ನಗುವುದು ಅಣ್ಣನನ್ನಲ್ಲ, ಎಣ್ಣೆ ಡಬ್ಬಿ ಹಿಡಿದ ತನ್ನನ್ನು ಎಂದು ಅವನಿಗೆ ಅನ್ನಿಸುತ್ತಿತ್ತು. ಹೊರಗಿನಿಂದ ಬಂದ ಕೋಚುಗಳು ಆ ಸದ್ದು ಕೇಳಿ ತಲೆ ಎತ್ತಿ ನೋಡಿದಾಗ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಎಷ್ಟು ಸಲ ಏಣಿ ತಂದು ನಿಲ್ಲಿಸಿದ್ದನೋ. ‘ಲೋ, ಅದೊಂದನ್ನ ಮುಟ್ಟಬೇಡ,’ ಎನ್ನುತ್ತಿದ್ದ ಅಣ್ಣ. ಯಾಕೆ ಎಂದರೆ ‘ಮುಟ್ಟಬೇಡ ಅಂದ್ರೆ ಮುಟ್ಟಬೇಡ, ಅಷ್ಟೆ,’ ಎಂದು ಮುಖ ತಿರುಗಿಸುತ್ತಿದ್ದ. ಹಟ, ಬರೀ ಹಟ. ದೊಡ್ಡವನೆಂಬ ಹಟ. ಈಗ ಅಣ್ಣನಿಗೆ ಆ ಹಟವೂ ಉಳಿದಿರಲಿಲ್ಲ. ತಲೆಗೆ ತಿಂದ ಏಟುಗಳು ಇಷ್ಟು ವರ್ಷ ಬಿಟ್ಟು ಬಂದು ಲೆಕ್ಕ ಕೇಳುತ್ತಿವೆ ಎಂದು ಡಾಕ್ಟರು ಹೇಳಿದ್ದರು. ಮನೆಯ ದಾರಿ, ಊಟ ಮಾಡಿದ್ದು, ಮಾಡದಿದ್ದದ್ದು, ಮನುಷ್ಯರ ಮುಖ, ಒಂದೊಂದೇ ಹೋದವು. ಕೈ ಮಾತ್ರ ಮರೆತಿರಲಿಲ್ಲ. ಅತ್ತಿಗೆ ದಿನಾ ಬೆಳಿಗ್ಗೆ ಕರೆತಂದು ಆ ಚೆಂಡಿನ ಮುಂದೆ ನಿಲ್ಲಿಸಿದರೆ ಕೈ ತಾನಾಗಿ ಏಳುತ್ತಿತ್ತು, ಆ ನೆಗಡಿಯ ಸದ್ದು ಶುರುವಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಅಣ್ಣ ಎಲ್ಲಿಂದಲೋ ಹೊರಟು ತನ್ನ ಮುಖದೊಳಕ್ಕೆ ಬಂದು ನಿಲ್ಲುತ್ತಿದ್ದ. ಬೆವರು ಒರೆಸಿಕೊಂಡು ಹೆಂಡತಿಯನ್ನು ‘ಏನೇ ಗುಬ್ಬೀ’ ಎನ್ನುತ್ತಿದ್ದ. ‘ಏನೋ, ಕಿಟಕಿ ಗಾಜು ಒರೆಸೋಕೂ ಮುಹೂರ್ತ ನೋಡ್ಬೇಕಾ?’ ಎಂದು ಇವನನ್ನು ಬೈಯುತ್ತಿದ್ದ. ಆ ಬೈಗುಳ ಕೇಳುವುದಕ್ಕೆಂದೇ ಅವನು ಒಂದು ಕಿಟಕಿಯನ್ನು ಒರೆಸದೆ ಬಿಟ್ಟಿದ್ದ.

ಅತ್ತಿಗೆ ಆ ಸ್ವಲ್ಪ ಹೊತ್ತಿಗಾಗಿ ಪ್ರಶ್ನೆಗಳನ್ನು ಕೂಡಿಟ್ಟುಕೊಂಡು ಬರುತ್ತಿದ್ದಳು. ರೀ, ಯಾವ ಹಲ್ಲು ನೋಯೋದು, ಮೇಲಿಂದಾ ಕೆಳಗಿಂದಾ? ರೀ, ನಿನ್ನೆ ನನ್ನ ಮೇಲೆ ತಟ್ಟೆ ಎಸೆದ್ರಲ್ಲ, ಕೋಪಾನಾ? ಅಣ್ಣ ಒಂದೊಂದಕ್ಕೂ ಸರಿಯಾಗಿ ಉತ್ತರ ಹೇಳಿ, ಕೈಪಟ್ಟಿ ಬಿಚ್ಚುವಷ್ಟರಲ್ಲಿ ಮತ್ತೆ ಹೊರಟುಹೋಗುತ್ತಿದ್ದ. ನಿನ್ನೆ ಸಂಜೆ ಚೆಂಡು ಕೆಳಗಿಳಿಸಿ ಒರೆಸುವಾಗ ಕತ್ತಿನ ಅಂಚಿನಲ್ಲಿ ಅವನ ಉಗುರು ಸಿಕ್ಕಿಕೊಂಡಿತು. ಬಿರುಕು. ಕಣ್ಣಿಗೆ ಕಾಣದಷ್ಟು ಸಣ್ಣದು, ಉಗುರಿಗೆ ಸಿಗುವಷ್ಟು ದೊಡ್ಡದು. ಒಂದು ದಿನ ಗುಂಡು ಬಟ್ಟಲಿನಿಂದ ಕಿತ್ತುಕೊಂಡು ಕೊಕ್ಕೆ ಸಮೇತ ಅಣ್ಣನ ಕಣ್ಣಿಗೆ ಬಡಿದರೆ? ಎದೆ ಧಸಕ್ಕೆಂದಿತು, ಅದು ಸುಳ್ಳಲ್ಲ. ಆದರೆ ಸ್ಪ್ಯಾನರ್ ಹಿಡಿದು ಬೋಲ್ಟು ಬಿಚ್ಚುವಾಗ ಕೈಗೆ ಒಂದು ಖುಷಿ ಇತ್ತು, ಅದೂ ಸುಳ್ಳಲ್ಲ. ಕೊನೆಗೂ ಒಂದು ನೆಪ ಸಿಕ್ಕಿದೆಯಲ್ಲ ಎಂಬ ಖುಷಿ. ಬೇಡ ಎನ್ನುವವರಿಲ್ಲ ಎಂಬ ಖುಷಿ. ಬಿಚ್ಚಿದ ಕತ್ತನ್ನು ಆ ಕ್ಷಣವೇ ಸುತ್ತಿಗೆಯಲ್ಲಿ ಒಡೆದುಹಾಕಬೇಕು, ಯಾರೂ ಮರೆತು ಮತ್ತೆ ಹಾಕಬಾರದು ಎಂಬುದು ಅಣ್ಣನೇ ಮಾಡಿದ ನಿಯಮ, ಗುಜರಿ ಡಬ್ಬದಿಂದ ಹೆಕ್ಕಿ ಹಾಕಿದ ಹಳೇ ಕತ್ತೊಂದು ಕಿತ್ತುಬಂದು ಒಬ್ಬ ಹುಡುಗಿಯ ಹುಬ್ಬು ಸೀಳಿದಾಗಿನಿಂದ. ಅವನು ನಿಯಮ ಪಾಲಿಸಿದ. ಹಲ್ಲು ಕಚ್ಚಿ, ಬೇಕಿದ್ದಕ್ಕಿಂತ ನಾಲ್ಕು ಏಟು ಜಾಸ್ತಿಯೇ ಹಾಕಿದ. ಆಮೇಲೆ ಹೊಸದನ್ನು ಬಿಗಿದು ಚೆಂಡು ತೂಗುಹಾಕಿ ತಳ್ಳಿ ನೋಡಿದರೆ ಸದ್ದು ಒಂದೇ ಸಮ, ಕೇಳಲಿಕ್ಕೆ ಹಿತವಾಗಿತ್ತು.

ಅಣ್ಣ ಅತ್ತಿಗೆ ಬಂದಾಗ ಜಿಮ್ಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತಿಗೆ ಒಂದು ಕೈಯಿಂದ ಗಂಡನನ್ನು, ಇನ್ನೊಂದು ಕೈಯಿಂದ ತನ್ನ ಸೊಂಟವನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಅಣ್ಣನನ್ನು ಬೆಂಚಿನ ಮೇಲೆ ಕೂರಿಸಿ, ಕೈಪಟ್ಟಿ ಸುತ್ತುತ್ತ, ಮೈದುನನ ಕಡೆ ನೋಡದೆ ಮಾತಾಡಿದಳು. ‘ಆ ಆರೈಕೆ ಮನೆಯವರು ಫೋನ್ ಮಾಡಿದ್ರು ಕಣಪ್ಪಾ. ಒಂದು ಹಾಸಿಗೆ ಖಾಲಿ ಆಗಿದೆಯಂತೆ. ಇವತ್ತು ಸಂಜೆ ಒಳಗೆ ಹೇಳಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ ಅಂದ್ರು.’

‘ನೀವೇನಂದ್ರಿ ಅತ್ತಿಗೆ?’

‘ನಾನೇನನ್ನಲಿ? ಎತ್ತಿ ಇಳಿಸಿ ಸ್ನಾನ ಮಾಡಿಸೋಕೆ ನನ್ನ ಕೈಲಿ ಆಗ್ತಿಲ್ಲ. ಹಾಗಂತ ದಬ್ಬಿಬಿಡೋಕಾಗುತ್ತಾ? ಅವರನ್ನೇ ಕೇಳ್ತೀನಿ. ಆಡಿ ಮುಗಿಸಿದ ಮೇಲೆ ಸರಿಯಾಗಿರ್ತಾರಲ್ಲ, ಆಗ ಕೇಳ್ತೀನಿ. ಹೋಗ್ತೀನಿ ಅಂದ್ರೆ ಕಳಿಸ್ತೀನಿ. ಹೋಗಲ್ಲ ಅಂದ್ರೆ ಈ ಸೊಂಟ ಮುರಿದುಬೀಳಲಿ, ಇಟ್ಕೋತೀನಿ. ಅವರ ಬಾಯಿಂದ ಬರಬೇಕು ನೋಡು, ಅಷ್ಟೆ ನಂಗೆ ಬೇಕಾಗಿರೋದು.’

ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಇವತ್ತೊಂದು ದಿನ ತಡೀರಿ ಅತ್ತಿಗೆ, ನಾನು ಕತ್ತು ಬದಲಾಯಿಸಿದೀನಿ, ಕೈಗೆ ಒಗ್ಗುತ್ತೋ ಇಲ್ಲವೋ ಎಂದು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಣ್ಣ ಆಗಲೇ ಎದ್ದು ನಿಂತಿದ್ದ, ಮೂಲೆಯ ಕಡೆ ಯಾರೂ ಕರೆಯದೆ ನಡೆಯುತ್ತಿದ್ದ, ಆ ನಡಿಗೆಯಲ್ಲಿ ಇನ್ನೂ ಹಳೆಯ ಗತ್ತು ಇತ್ತು. ಅವನು ಏಣಿಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟ. ಹೊಸದು, ಚೆನ್ನಾಗಿರುವುದು, ಹಳೆಯದಕ್ಕಿಂತ ಕೆಟ್ಟದಾಗಲು ಹೇಗೆ ಸಾಧ್ಯ ಎಂದು ತನಗೇ ಸಮಾಧಾನ ಹೇಳಿಕೊಂಡ.

ಮೊದಲ ಏಟಿಗೆ ಚೆಂಡು ಹೋಯಿತು, ಬಂತು. ಎರಡನೆಯದಕ್ಕೆ ಅಣ್ಣನ ಮುಷ್ಟಿ ಏಳುವ ಮೊದಲೇ ಬಂದು ಮಣಿಕಟ್ಟಿಗೆ ಬಡಿಯಿತು. ಅಣ್ಣ ನಿಲ್ಲಿಸಿ, ಚೆಂಡನ್ನು ಹಿಡಿದು, ಬಿಟ್ಟು, ಮತ್ತೆ ಶುರುಮಾಡಿದ. ಮತ್ತೆ ಮೊದಲೇ ಬಂತು. ಮೂರನೆಯ ಸಲ ಮೊಣಕೈಗೆ, ನಾಲ್ಕನೆಯ ಸಲ ಕೆನ್ನೆಗೆ. ಮೊದಲಿನ ಅಣ್ಣನಾಗಿದ್ದರೆ ಏಣಿಗೊಂದು ಒದ್ದು, ಅವನ ವಂಶವನ್ನೆಲ್ಲ ಜಾಲಾಡಿ, ಆ ವಂಶ ತನ್ನದೂ ಹೌದೆಂದು ನೆನಪಾಗಿ ನಕ್ಕುಬಿಡುತ್ತಿದ್ದ. ಬೈ ಅಣ್ಣ, ಬೈದುಬಿಡು ಎಂದು ಅವನು ಒಳಗೇ ಬೇಡಿಕೊಂಡ. ಅಣ್ಣ ಬೈಯಲಿಲ್ಲ. ಕೆನ್ನೆ ಸವರಿಕೊಂಡು, ಬೇರೆ ಯಾರದೋ ಮನೆಯ ಬಾಗಿಲು ತಳ್ಳಿಬಿಟ್ಟವನಂತೆ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಇವನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದ: ‘ಇವರೇ, ಇದು ಯಾರದು?’

‘ನಿಂದೇ ಕಣಣ್ಣ.’

‘ಇಲ್ಲ ಇಲ್ಲ, ನಮ್ಮದಲ್ಲ. ತಪ್ಪಾಯ್ತು, ಬೇರೆಯವರ ಸಾಮಾನು ಮುಟ್ಟಿಬಿಟ್ಟೆ. ಏನೂ ಅಂದ್ಕೋಬೇಡಿ.’ ಆಮೇಲೆ ಅತ್ತಿಗೆಯನ್ನು ನೋಡಿ, ‘ಅಮ್ಮಾ, ನಿಮಗೂ ಹೊತ್ತಾಯ್ತೇನೋ. ಮನೆ ದೂರವಾ?’ ಎಂದ.

ಅತ್ತಿಗೆ ತಲೆ ಎತ್ತಿ ಹಲಗೆಯ ಅಡಿಯಲ್ಲಿ ಹೊಳೆಯುತ್ತಿದ್ದ ಉಕ್ಕನ್ನು ನೋಡಿದಳು. ಈ ಮನೆತನಕ್ಕೆ ಮದುವೆಯಾಗಿ ಬಂದವಳಿಗೆ ಹೊಸ ಕತ್ತು ಯಾವುದು ಹಳೆಯದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ‘ಬದಲಾಯಿಸಿದೆಯಾ?’ ಎಂದಳು.

‘ಬಿರುಕು ಬಿಟ್ಟಿತ್ತು ಅತ್ತಿಗೆ. ಮುಖಕ್ಕೆ ಬಡಿದಿದ್ರೆ?’

‘ಹಳೇದನ್ನೇ ಹಾಕು ಮತ್ತೆ. ಇವತ್ತೊಂದು ದಿನ ತಡಿಯಲ್ವಾ?’

‘ಒಡೆದುಬಿಟ್ಟೆ.’

ಅವಳು ಬೈದಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಅವಳು ಗಂಡನ ಕೆನ್ನೆಯ ಮೇಲೆ ಎದ್ದ ಕೆಂಪನ್ನು ಸೆರಗಿನಿಂದ ಒತ್ತಿ, ಚಪ್ಪಲಿ ಹಾಕಿಸಿ, ಬಾಗಿಲ ತನಕ ಹೋಗಿ ನಿಂತಳು. ‘ಸಂಜೆವರೆಗೂ ಟೈಮಿದೆ. ಏನಾದ್ರೂ ಮಾಡು ಮಾರಾಯ. ಸ್ವಲ್ಪ ಹೊತ್ತು ಸಾಕು ನಂಗೆ. ಒಂದೇ ಮಾತು ಕೇಳೋದಿದೆ,’ ಎಂದಳು. ಮೆಟ್ಟಿಲಿಳಿಯುವಾಗ ಅಣ್ಣ ಅವಳಿಗೆ ಥ್ಯಾಂಕ್ಸ್ ಹೇಳುತ್ತಿದ್ದುದು ಕೇಳಿಸಿತು.

ಅವನು ಗುಜರಿ ಡಬ್ಬ ಬಗ್ಗಿಸಿ ಹುಡುಕಿದ. ಬಟ್ಟಲಿನ ಮೂರು ಚೂರು, ಚಪ್ಪಟೆಯಾದ ಕೊಕ್ಕೆ. ಗುಂಡು ಎಲ್ಲೋ ಉರುಳಿಹೋಗಿತ್ತು, ನೆಲಕ್ಕೆ ಕೆನ್ನೆ ಹಚ್ಚಿ ಬೀರುವಿನ ಅಡಿಯಿಂದ ಅದನ್ನು ಎಳೆದ. ಚೂರುಗಳನ್ನು ಅಂಗೈಯಲ್ಲಿ ಜೋಡಿಸಿ ನೋಡಿದ, ಥೂ, ಇದೇನು ಮಡಕೆಯೇ ಅಂಟು ಹಾಕಿ ಕೂರಿಸುವುದಕ್ಕೆ ಎಂದು ತನ್ನನ್ನೇ ಬೈದುಕೊಂಡ. ಆಮೇಲೆ ಇನ್ನೇನೂ ತೋಚದೆ ಹೊಸ ಕತ್ತನ್ನು ಬಿಚ್ಚಿ, ವೈಸಿನ ದವಡೆಯಲ್ಲಿ ಬಿಗಿದು, ಅರ ತೆಗೆದುಕೊಂಡು ಬಟ್ಟಲಿನ ಒಳಮೈಯನ್ನು ಉಜ್ಜತೊಡಗಿದ. ಸವೆಯದಂತೆ ನೋಡಿಕೊಳ್ಳುವುದಕ್ಕೆ ಹುಟ್ಟಿದವನು ಸವೆಸುವುದಕ್ಕೆ ಕೂತಿದ್ದ. ಎಷ್ಟು ಉಜ್ಜಬೇಕು, ಯಾವ ಕಡೆ ಉಜ್ಜಬೇಕು? ಆ ಸದ್ದು ಕಿವಿಯಲ್ಲಿತ್ತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಲ್ಲಿ ಮಾಡಿ ತೋರಿಸಬಲ್ಲ, ಆದರೆ ಆ ತಡ ಅಣ್ಣನ ಯಾವ ಕೈಯ ಹತ್ತಿರ ಆಗುತ್ತಿತ್ತು ಎಂದು ಅವನು ಎಂದೂ ನೋಡಿರಲಿಲ್ಲ. ಕೇಳಿ ಕೇಳಿ ರೇಗಿಕೊಂಡಿದ್ದ, ಅಷ್ಟೆ. ಅರೆದು, ಹಾಕಿ, ಚೆಂಡು ತೂಗುಬಿಟ್ಟು ತಾನೇ ಹೊಡೆದು ನೋಡಿದ. ಅವನಿಗೆ ಹೊಡೆಯಲು ಬರುತ್ತಿರಲಿಲ್ಲ. ಚಿಕ್ಕವನಿದ್ದಾಗ ಒಂದೇ ಸಲ ಗ್ಲೌಸು ಹಾಕಿಕೊಂಡು ರಿಂಗಿಗೆ ಇಳಿದಿದ್ದ, ಎದುರಿನವನು ಕೈ ಎತ್ತುವ ಮೊದಲೇ ಕಣ್ಣು ಮುಚ್ಚಿಕೊಂಡಿದ್ದ, ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಣ್ಣ ನಗದೆ ಅವನ ಗ್ಲೌಸು ಬಿಚ್ಚಿ ಎಣ್ಣೆ ಡಬ್ಬಿ ಕೊಟ್ಟಿದ್ದ. ಅದು ಕರುಣೆಯೋ ತಿರಸ್ಕಾರವೋ ಎಂದು ಅವನಿಗೆ ಇವತ್ತಿಗೂ ತಿಳಿದಿರಲಿಲ್ಲ, ಕೇಳುವ ಧೈರ್ಯವೂ ಬಂದಿರಲಿಲ್ಲ. ಬಿಚ್ಚಿದ, ಮರಳು ಎಣ್ಣೆ ಕಲಸಿ ಗುಂಡಿಗೆ ಸವರಿ ಗಿರಗಿರ ತಿರುಗಿಸಿದ, ಹಾಕಿದ, ಹೊಡೆದ, ಮತ್ತೆ ಬಿಚ್ಚಿದ. ಮಧ್ಯಾಹ್ನ ಕಲಿಯಲು ಬಂದ ಹುಡುಗಿಯೊಬ್ಬಳು ‘ಮಾಸ್ತರೇ, ಹೊಸಾದನ್ನ ಯಾಕೆ ಹಾಳ್ಮಾಡ್ತಿದೀರಾ?’ ಎಂದು ಕೇಳಿದಳು. ‘ನಿನ್ನ ಕೆಲಸ ನೋಡ್ಕೋ ಹೋಗಮ್ಮ,’ ಎಂದು ಎಂದೂ ಗದರದವನು ಗದರಿದ. ಬೆರಳ ಗೆಣ್ಣುಗಳು ಸುಲಿದು ಉರಿಯುತ್ತಿದ್ದವು. ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಚೆಂಡು ಒಂದು ಕೂದಲೆಳೆಯಷ್ಟು ನಿಂತು, ಆಮೇಲೆ ಬಂತು. ಅವನು ಕಣ್ಣು ಮುಚ್ಚಿ ಮತ್ತೆ ಕೇಳಿದ. ಅದೇ ನೆಗಡಿ. ಅಯ್ಯೋ ದೇವರೇ, ಅದೇ. ಅತ್ತಿಗೆಗೆ ಫೋನ್ ಮಾಡಿ ‘ಕರ್ಕೊಂಡು ಬನ್ನಿ’ ಎಂದ.

ಅಣ್ಣ ಬಂದವನು ಬೆಳಿಗ್ಗೆ ಬಂದದ್ದನ್ನೆಲ್ಲ ಮರೆತಿದ್ದ. ಅತ್ತಿಗೆ ಕೈಪಟ್ಟಿ ಸುತ್ತುವಾಗ ಮಗುವಿನಂತೆ ಬೆರಳು ಅಗಲಿಸಿ ಕೊಟ್ಟ. ಚೆಂಡಿನ ಮುಂದೆ ನಿಂತು ಒಮ್ಮೆ ಉಸಿರೆಳೆದುಕೊಂಡು ಹೊಡೆದ. ಹೋಯಿತು, ಬಂತು. ಹೋಯಿತು, ನಿಂತಿತು, ಬಂತು. ಅಣ್ಣನ ಭುಜ ಸಡಿಲವಾಯಿತು. ಸದ್ದು ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು, ಅತ್ತಿಗೆ ತನಗೇ ಗೊತ್ತಿಲ್ಲದೆ ಮೈದುನನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು. ಅಣ್ಣನ ತುಟಿಗಳು ಒಟ್ಟುಗೂಡಿ ಮುಂದಕ್ಕೆ ಬಂದವು, ಅಣ್ಣ ತನ್ನ ಮುಖದೊಳಕ್ಕೆ ಬರುವ ಮುಂಚೆ ಯಾವಾಗಲೂ ಹಾಗೆಯೇ ಬರುತ್ತಿದ್ದವು, ಬಂದೇಬಿಟ್ಟ ಇನ್ನೇನು, ಬಾಗಿಲಲ್ಲೇ ಇದ್ದಾನೆ. ‘ಬಂದ್ರು, ಬಂದ್ರು ಕಣೋ,’ ಎಂದು ಅತ್ತಿಗೆ ಉಸಿರಲ್ಲೇ ಅಂದಳು. ಅಷ್ಟರಲ್ಲಿ ಚೆಂಡು ಓರೆಯಾಗಿ ಹಲಗೆಯ ಅಂಚಿಗೆ ತಾಗಿ, ಗಿರಕಿ ಹೊಡೆದು, ಕಿವಿಯ ಪಕ್ಕಕ್ಕೆ ಹಾದುಹೋಯಿತು. ಅಣ್ಣನ ಮುಷ್ಟಿ ಬರಿಗಾಳಿಗೆ ಹೊಡೆಯಿತು. ಇನ್ನೊಂದು ಸಲ, ಮತ್ತೊಂದು ಸಲ ಹೊಡೆದು ಕೈ ಇಳಿಸಿದ. ಚೆಂಡು ತನ್ನಷ್ಟಕ್ಕೆ ತೂಗಾಡಿ ನಿಂತಿತು.

ಅತ್ತಿಗೆ ರಟ್ಟೆ ಬಿಟ್ಟಳು. ಗಂಡನ ಎದುರು ಹೋಗಿ ನಿಂತು, ಕೇಳಿಯೇಬಿಡುವಳೇನೋ ಎಂಬಂತೆ ಬಾಯಿ ತೆರೆದಳು. ‘ರೀ...’ ಅಣ್ಣ ಅವಳ ಮುಖವನ್ನು ಬಹಳ ಸೌಜನ್ಯದಿಂದ ನೋಡುತ್ತ ನಿಂತಿದ್ದ. ‘ಏನಮ್ಮಾ?’ ಎಂದ. ಅವಳು ಫೋನ್ ಕೈಗೆತ್ತಿಕೊಂಡಳು. ‘ಅವರಿಗೆ ಫೋನ್ ಮಾಡಿ ಬರ್ತೀನಿ. ಹೊತ್ತಾಗುತ್ತೆ,’ ಎಂದು ಮೈದುನನಿಗೆ ಹೇಳಿ ಹೊರಗಿನ ಮೆಟ್ಟಿಲಿಗೆ ಹೋದಳು. ಅವಳ ಬೆನ್ನು ನೋಡಲಾರದೆ ಅವನು ಬೆಂಚಿನ ಮೇಲೆ ಕುಸಿದು ಕೂತ. ತಾನು ಅಳುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು ಅಣ್ಣ ಬಂದು ಪಕ್ಕದಲ್ಲಿ ಕೂತು ಅವನ ತೊಡೆ ತಟ್ಟಿದಾಗ.

‘ಛೆ ಛೆ, ಯಾಕ್ರೀ? ನಿಮ್ಮ ತಪ್ಪೇನೂ ಇಲ್ಲ. ನಿಮ್ಮ ಕತ್ತು ಸರಿಯಾಗೇ ಇದೆ. ನನ್ನ ಎಡಗೈನೇ ಸರಿಯಿಲ್ಲ.’

ಅವನು ಮುಖ ಎತ್ತಿದ. ‘ಎಡಗೈಗೆ ಏನಾಗಿದೆ?’

ಅಣ್ಣ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ‘ಕೊನೇ ಪಂದ್ಯದಲ್ಲಿ ಭುಜಕ್ಕೆ ಏಟು ಬಿತ್ತು ನೋಡಿ, ಆವಾಗಿಂದ ಒಂದು ಚೂರು ತಡವಾಗಿ ಏಳುತ್ತೆ. ಅದಕ್ಕೇ ರಿಂಗ್ ಬಿಟ್ಟೆ. ಸಾಕಾಯ್ತು ಬಿಟ್ಟೆ ಅಂತ ಎಲ್ಲರಿಗೂ ಹೇಳಿದೆ, ನಂಬಿದ್ರು. ನಮ್ಮಲ್ಲೊಂದು ಸವೆದುಹೋಗಿರೋ ಕತ್ತಿದೆ. ಅದೂ ಒಂದು ಚೂರು ತಡ, ನಾನೂ ಒಂದು ಚೂರು ತಡ. ಜೋಡಿ ಸರಿಹೋಗಿಬಿಟ್ವಿ.’ ಅಣ್ಣ ನಕ್ಕ, ಹಳೆಯ ನಗೆಯೇ. ‘ಅದರ ಮುಂದೆ ನಿಂತ್ರೆ ಯಾರಿಗೂ ಗೊತ್ತೇ ಆಗಲ್ಲ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಗೊತ್ತಾಗಿಲ್ಲ.’

ಹೊರಗೆ ಅತ್ತಿಗೆ ಮಾತಾಡುತ್ತಿದ್ದಳು. ಹೂಂ, ಅವರದೇ. ಹೂಂ. ಬಟ್ಟೆ ಎಷ್ಟು ಜೊತೆ ತರಬೇಕು? ಅವನ ಕಿವಿ ಅಲ್ಲೂ ಇತ್ತು, ಇಲ್ಲೂ ಇತ್ತು. ಒಂದು ಕೂದಲೆಳೆಯ ಸದ್ದಿಗೆ ವರ್ಷಗಟ್ಟಲೆ ಹೊಟ್ಟೆಯುರಿಸಿಕೊಂಡವನು ಅಣ್ಣನ ಕೈಯನ್ನು ದಿನಾ ಎದುರಿಗೆ ನಿಂತು ನೋಡಿದ್ದ, ಕಂಡಿರಲಿಲ್ಲ.

‘ಒಂದು ಉಪಕಾರ ಮಾಡಿ,’ ಎಂದ ಅಣ್ಣ. ‘ನನ್ನ ತಮ್ಮ ಇಲ್ಲೇ ಎಲ್ಲೋ ಇರ್ತಾನೆ, ಇನ್ನೇನು ಬರ್ತಾನೆ. ಅವನಿಗೆ ಮಾತ್ರ ಹೇಳಬೇಡಿ. ಪಾಪ, ನನ್ನ ಕೈ ನೋಡ್ಕೊಂಡೇ ಬೆಳೆದೋನು. ನಮ್ಮಣ್ಣನ ಕೈಯಂಥ ಕೈ ಇನ್ನೊಂದಿಲ್ಲ ಅಂದ್ಕೊಂಡಿದಾನೆ. ಹಾಗೇ ಅಂದ್ಕೊಂಡಿರಲಿ. ನೊಂದ್ಕೋತಾನೆ, ತುಂಬಾ ಮೆದು ಅವನು.’

ಅವನು ತಲೆಯಾಡಿಸಿದ.

‘ಹಾಗಲ್ಲ, ಬಾಯಿಬಿಟ್ಟು ಹೇಳಿ. ಹೇಳಲ್ಲ ತಾನೇ?’

ಮೆಟ್ಟಿಲ ಮೇಲೆ ಅತ್ತಿಗೆ ‘ನಾಳೆ ಬೆಳಿಗ್ಗೆನೇ ಕರ್ಕೊಂಡು ಬರ್ತೀವಿ’ ಎಂದು ಫೋನ್ ಇಟ್ಟಳು.

‘ಇಲ್ಲ,’ ಎಂದ ಅವನು. ‘ಅವನಿಗೆ ಹೇಳಲ್ಲ.’

ಅಣ್ಣ ಸಮಾಧಾನದಿಂದ ಉಸಿರು ಬಿಟ್ಟು ಎಡಗೈಯನ್ನು ಅವನ ಮಡಿಲಲ್ಲಿಟ್ಟ. ಅವನು ಕೈಪಟ್ಟಿಯ ತುದಿಯನ್ನು ಹುಡುಕಿ ನಿಧಾನವಾಗಿ ಬಿಚ್ಚತೊಡಗಿದ.